ಗಬ್ಬು ನೀರಿಗೆ ಹೆಪ್ಪು ಹಾಕಿದ ಲತಾಮಣಿ

ಬೆಳಿಗ್ಗೆ ಐದೂವರೆ. ರಾಮನಗರದ ರೇಷ್ಮೆ ನೂಲು ಬಿಚ್ಚುವ ಘಟಕವೊಂದರ ಹಿತ್ತಲಲ್ಲಿ ಲತಾಮಣಿ ಗ್ಯಾಸ್ ತೊಟ್ಟಿಗೆ ಕೊಳಕು ನೀರು ಹಾಯಿಸುವ ಗುಂಡಿಯ ಮುಚ್ಚಳ ಎತ್ತಿ, ಬಗ್ಗಿ ಮೂಸುತ್ತಿದ್ದಾರೆ. ನಾನು ಮೂಗಿಗೆ ಕರ್ಚೀಫು ಹಿಡಿದು ನಾಲ್ಕು ಹೆಜ್ಜೆ ಹಿಂದೆ ನಿಂತಿದ್ದೇನೆ. "ಹುಳಿ ವಾಸ್ನೆ ಇಲ್ಲ ಸಾ, ಚೆನ್ನಾಗೈತೆ" ಎನ್ನುತ್ತಾ ವಾಲ್ವ್ ತಿರುಗಿಸುತ್ತಾರೆ. ಒಳಗೆ ಗೂಡು ಬೇಯಿಸುವ ಒಲೆ ನೀಲಿಯಾಗಿ ಹತ್ತಿಕೊಳ್ಳುತ್ತದೆ. ಆ ಗಬ್ಬಿನಲ್ಲಿ ಚೆನ್ನಾಗಿರುವುದು ಯಾವುದೋ, ನನ್ನ ಮೂಗಿಗಂತೂ ತಿಳಿಯಲಿಲ್ಲ.

ಗೂಡು ಬೇಯಿಸಿದ ನೀರು ಚರಂಡಿಯಲ್ಲಿ ನಾರುವುದು ಈ ಊರಿಗೆ ಹೊಸದಲ್ಲ. ಇಲ್ಲಿ ಮಾತ್ರ ದಿನಕ್ಕೆ ನಾಲ್ಕು ಸಾವಿರ ಲೀಟರ್ ಕೊಳಕು ನೀರು, ಸತ್ತ ಹುಳುಗಳ ಜಿಡ್ಡಿನ ಸಮೇತ, ಮುಚ್ಚಿದ ತೊಟ್ಟಿಯಲ್ಲಿ ಕೊಳೆತು ಗ್ಯಾಸ್ ಆಗುತ್ತದೆ. ನಾಲ್ಕು ಒಲೆಗಳಲ್ಲಿ ಎರಡಕ್ಕೆ ಸೌದೆಯೇ ಬೇಡ. ಬೈರಮಂಗಲದ ಮಗಳು ಲತಾಮಣಿ ಇದಕ್ಕೂ ಮೊದಲು ಹತ್ತೊಂಬತ್ತು ವರ್ಷ ಬಿಸಿನೀರಿನಲ್ಲಿ ಕೈಯಿಟ್ಟು ಎಳೆ ತೆಗೆದವರು. "ಬೆರಳೆಲ್ಲಾ ಬೆಂದೋಗಿ ಸಾರನ್ನ ಕಲಸುದ್ರೆ ಉರಿಯೋದು. ತೊಟ್ಟಿ ಕೆಲ್ಸ ಕೊಟ್ಟ ಮೇಲೆ ನೆಮ್ಮದಿಯಾಗಿ ಉಂಡೆ."

ಆ ನೆಮ್ಮದಿಗೆ ಕಲ್ಲು ಹಾಕಿಕೊಂಡವರೂ ಅವರೇ. ಹೋದ ವರ್ಷದ ಆಯುಧಪೂಜೆಗೆ ಎಲ್ಲರೂ ತಮ್ಮ ತಮ್ಮ ಯಂತ್ರ ತೊಳೆದರು. ಇವರೂ ಭಕ್ತಿಯಿಂದ ಗುಂಡಿಗೆ ಬ್ಲೀಚಿಂಗ್ ಪೌಡರ್ ಸುರಿದು, ಫಳಫಳ ಉಜ್ಜಿ, ಬಾಳೆಕಂದು ಕಟ್ಟಿದರು. ಬ್ಲೀಚಿಂಗ್ ನೀರೆಲ್ಲ ತೊಟ್ಟಿಗಿಳಿದು, ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳು ಸತ್ತವು. ನಾಲ್ಕನೇ ದಿನ ಒಲೆ ಆರಿತು.

ಮಾಲೀಕ ತಾಜ್ ಪಾಷಾ ತಿಂಗಳ ಗಡುವು ಕೊಟ್ಟರು. ಅಷ್ಟರಲ್ಲಿ ಒಲೆ ಹತ್ತದಿದ್ದರೆ ತೊಟ್ಟಿ ಗುಜರಿಗೆ, ಲತಾಮಣಿಯ ಕೈ ಮತ್ತೆ ಬಿಸಿನೀರಿಗೆ.

ಅವರು ತವರಿನ ಗೋಬರ್ ಗ್ಯಾಸ್ ಗುಂಡಿಯಿಂದ ಅದೇ ಸೂಕ್ಷ್ಮಜೀವಿಗಳಿರುವ ಬಗ್ಗಡವನ್ನು ಕ್ಯಾನಿನಲ್ಲಿ ಹೊತ್ತು ತಂದರು. ಎರಡನೇ ದಿನವೇ ಕಂಡಕ್ಟರ್ ಬಸ್ಸಿನಿಂದ ಇಳಿಸಿದ. ಆಮೇಲೆ ಲಗೇಜ್ ಆಟೊ. ಹಾಲಿಗೆ ಹೆಪ್ಪು ಹಾಕಿದ ಹಾಗೆ ತೊಟ್ಟಿಗೆ ಬಗ್ಗಡ ಬೆರೆಸಿ, ಕೊಳಕು ನೀರನ್ನು ದಿನಕ್ಕೆ ಒಂದೊಂದೇ ಬಕೆಟ್ ಹೆಚ್ಚಿಸುತ್ತಾ ಹೋದರು. "ಹೊಟ್ಟೆ ಕೆಟ್ಟಿರೋ ಮಗೀಗೆ ಒಂದೇ ಸಲ ಮುದ್ದೆ ಇಕ್ತಾರಾ? ಮೊದ್ಲು ಗಂಜಿ. ಇದ್ಕೂ ಅಂಗೇಯ."

ಇಪ್ಪತ್ತಾರನೇ ದಿನ ಬೆಳಿಗ್ಗೆ ಬರ್ನರ್ 'ಭುಗ್' ಎಂದಿತು! ಘಟಕವೇ ಕೆಲಸ ಬಿಟ್ಟು ಓಡಿ ಬಂತು. "ಗುಜರಿಯವನಿಗೆ ಫೋನ್ ಮಾಡಿಬಿಟ್ಟಿದ್ದೆ ಸಾರ್" ಎಂದು ನಗುತ್ತಾರೆ ಪಾಷಾ. "ಈಗ ಬೇರೆ ಘಟಕದ ರೀಲರ್‌ಗಳು ತೊಟ್ಟಿ ಹೆಂಗೆ ಅಂತ ಕೇಳಿದ್ರೆ, ನಮ್ಮ ಲತಮ್ಮನ್ನ ಕೇಳಿ ಅಂತೀನಿ." ಕೇಳಿ ನನಗೇ ಎದೆಯುಬ್ಬಿತು. ಈ ವರ್ಷ ಇನ್ನೂ ಮೂವರು ರೀಲರ್‌ಗಳು ಇವರಿಂದಲೇ ಬಗ್ಗಡ ಹಾಕಿಸಿಕೊಂಡು ತೊಟ್ಟಿ ಶುರು ಮಾಡಿದ್ದಾರೆ.

ಇವತ್ತು ಮತ್ತೆ ಆಯುಧಪೂಜೆ. ಯಂತ್ರಗಳೆಲ್ಲ ಮಿರಮಿರ ಹೊಳೆಯುತ್ತಿವೆ. ಪಾಚಿಗಟ್ಟಿದ ಗುಂಡಿಯ ಅಂಚಿಗೆ ಲತಾಮಣಿ ಕುಂಕುಮ ಇಟ್ಟು, ಚೆಂಡುಹೂ ಏರಿಸಿ, ಎರಡೂ ಕೈ ಮುಗಿಯುತ್ತಾರೆ.

"ಎಲ್ರೂ ತೊಳದು ಪೂಜೆ ಮಾಡ್ತಾರೆ ಸಾ. ನಾನು ತೊಳೀದೆ ಮಾಡ್ತೀನಿ."