ಹಾರ ಹಾಕಿ ಕಳಿಸಿದ ಫೌಜಿ ಮಧ್ಯಾಹ್ನಕ್ಕ ವಾಪಸ್

ನಿಮ್ಮನ್ಯಾಗ ಯಾರ್ನರೆ ಆರತಿ ಮಾಡಿ, ಹಾರ ಹಾಕಿ, ಅತ್ತು ಕರದು ಯುದ್ಧಕ್ಕ ಕಳಿಸೀರೇನ್ರಿ? ಕಳಿಸಿದ ಮನಿಷಾ ಮಧ್ಯಾಹ್ನದ ಊಟಕ್ಕ ತಿರುಗಿ ಬಂದಾನೇನು? ನಮ್ಮನ್ಯಾಗ ಬಂದಾನ.

ಹೋದ ವರ್ಷ ಬ್ಯಾಸಿಗ್ಯಾಗ ಗಡಿನಾಗ ಗದ್ಲ ನಡದಿತ್ತು. ನನ್ನ ತಮ್ಮ ಮಲ್ಲು ಫೌಜು ಬಿಟ್ಟು ನಮ್ಮೂರು ಘಾಟಬೋರಾಳಕ್ಕ ಬಂದು ವರ್ಷಾನೂ ಆಗಿರಲಿಲ್ಲ. ಅಂಥವ್ರ ಹೆಸರು ರಿಸರ್ವ್‌ನಾಗ ಇರ್ತದ, ಬೇಕಾದ್ರ ಸರ್ಕಾರ ತಿರುಗಿ ಕರೀತದ. ಬಸವಕಲ್ಯಾಣದ ಕಾವೇರಿ ಜೋಡಿ ಅವನ ಲಗ್ನ ಬರೋ ವಾರ ಇತ್ತು. ಅದಕ್ಕಂತ ನಾನೂ ತವರಿಗೆ ಬಂದಿದ್ದೆ.

ಒಂದಿನ ಮುಂಜಾನೆ ಊರ ಲೀಡರ್ ಒಬ್ಬ ಗುಡಿ ಮೈಕ್‌ನಾಗ ಒದರಿದ: "ರಿಟೈರ್ ಆದ ಫೌಜಿಗಳೆಲ್ಲಾ ಗಂಟು ಕಟ್ಕೊಂಡು ಹುಮನಾಬಾದ್ ತಹಸೀಲ್ ಆಫೀಸಿಗೆ ಹೋಗ್ರಿ. ಮ್ಯಾಲಿಂದ ಹುಕುಂ ಬಂದದ!"

ಮಲ್ಲು ಚೀಲ ಕಟ್ಟಿದ. ಅವ್ವ ಆರತಿ ಮಾಡಿ ಹಾರ ಹಾಕಿದಳು. ಓಣಿಯವ್ರು ಚೆಲ್ಲಿದ್ದು ಅಂಗಳ ತುಂಬ ಹೂವು. ಅಷ್ಟರಾಗ ಕಾವೇರಿ ಅಪ್ಪ ಫೋನ್ ಹಚ್ಚಿ, "ಲಗ್ನ ಮುಂದ ಹಾಕೋಣ್ರಿ, ಹುಡುಗ ಮೊದಲ ತಿರುಗಿ ಬರಲಿ" ಅಂದ್ರು. ಅವ್ವ ಆರತಿ ತಾಟು ಹಿಡ್ಕೊಂಡೇ ಕುಂತುಬಿಟ್ಟಳು.

ನಾನೂ ಅವನ ಬೈಕ್ ಹತ್ತಿದೆ. ಹುಮನಾಬಾದ್ ಆಫೀಸಿನ್ಯಾಗ ತಹಸೀಲ್ದಾರ್ ಮೇಡಂ ಅವನ ಕೊಳ್ಳಾಗಿನ ಹಾರ ನೋಡಿ, "ಯಾರಪ್ಪಾ ನಿನ್ನ ಕರದವ್ರು?" ಅಂದ್ರು.

"ಲೀಡರ್ ಸಾಹೇಬ್ರು ಮೈಕ್‌ನಾಗ ಹೇಳ್ಯಾರ್ರಿ."

"ನಿನ್ನ ಕರೆಯೋ ಅಧಿಕಾರ ಅವರಿಗಿಲ್ಲ, ನನಗೂ ಇಲ್ಲ, ಜಿಲ್ಲಾಧಿಕಾರಿಗೂ ಇಲ್ಲ. ದಿಲ್ಲಿ ಸರ್ಕಾರ ಕಾನೂನು ಪ್ರಕಾರ ಆದೇಶ ಮಾಡ್ಬೇಕು, ಫೌಜಿನವ್ರಿಂದ ನಿನ್ನ ಹೆಸರಿಗೆ ಕರೆ ಬರ್ಬೇಕು. ಬಂದ್ರ ಹೋಗಲೇಬೇಕು, ನಾನೂ ತಡಿಯಂಗಿಲ್ಲ. ಬರೋತನಕ ಯಾರೂ ಜಬರ್ದಸ್ತಿ ಮಾಡಂಗಿಲ್ಲ."

ನಾ ಲಗ್ನದ ಮಾತು ಎತ್ತಿದೆ. "ಮತ್ತ ಇಲ್ಯಾಕ ನಿಂತೀರಿ? ಹೋಗಿ ಲಗ್ನ ಮಾಡ್ರಿ" ಅಂದು ಮೇಡಂ ನಕ್ರು.

ಹೊರಗ ಬಂದ್ರ ಮಲ್ಲೂನ ಮಾರಿ ಸಣ್ಣದಾಗಿತ್ತು. "ಅಕ್ಕಾ, ಊರಾಗ ಹ್ಯಾಂಗ ಮಾರಿ ತೋರಸ್ಲಿ?" ಆಗೇ ಕಾವೇರಿ ಫೋನ್ ಬಂತು. ಅಂವ ನನ್ನ ಕೈಗೆ ಕೊಟ್ಟ. ನಾ ಎಲ್ಲಾ ಹೇಳಿದೆ.

"ಅಕ್ಕಾರ, ದೇಶ ಕರದ್ರ ನಾನೇ ಆರತಿ ಮಾಡಿ ಕಳಸ್ತೀನಿ. ಮೈಕ್ ಕರದ್ರ ಯಾಕ ಹೋಗ್ಬೇಕ್ರಿ? ಅಪ್ಪಗ ನಾ ಹೇಳ್ತೀನಿ, ಲಗ್ನ ಅದೇ ದಿನ."

ಮನಿಗೆ ಬಂದ್ರ ಅಂಗಳದಾಗ ಹೂವು ಹಂಗೇ ಬಿದ್ದಿದ್ವು. ಹೋದವ್ರ ಹಿಂದ ಕಸಾ ಹೊಡೀಬಾರ್ದಂತ ಅವ್ವ ಕಸಬರಗಿ ಮುಟ್ಟಿರಲಿಲ್ಲ. ಮಗನ್ನ ನೋಡಿ ಅತ್ತಳು, ನಕ್ಕಳು, ಆಮ್ಯಾಲ ಕಸಬರಗಿ ಅವನ ಕೈಯಾಗೇ ಕೊಟ್ಟಳು. "ನಿನ್ನ ಹೂವು ನೀನೇ ಬಳಿ, ಬಾ."

ಲಗ್ನ ಆತು. ಅವತ್ತು ಕಟ್ಟಿದ ಚೀಲ ಮಲ್ಲು ಬಿಚ್ಚಿಲ್ಲ, ಇನ್ನೂ ಗೂಟಕ್ಕ ಜೋತಾಡಾಕತ್ತದ. ಖರೇ ಕರೆ ಬಂದ್ರ ಹೋಗ್ತಾನ, ನನಗ ಗೊತ್ತದ. ಗಡಿ ಸುದ್ದಿ ಬಂದಾಗೆಲ್ಲಾ ನನ್ನ ಕಣ್ಣು ಅದರ ಕಡೀನೇ ಹೋಗ್ತದ. ನಿಮ್ಮನ್ಯಾಗೂ ಇಂಥ ಚೀಲ ಅದೇನ್ರಿ? ಮನಿ ಮನಿಷಾನ್ನ ಕಳಿಸಿದ ದಿನ ಹ್ಯಾಂಗ ಕಳದ್ರಿ? ಕೆಳಗ ಬರೀರಿ, ಒಂದೊಂದೂ ಓದ್ತೀನಿ.