ನೂರರಿಂದ ಇಳಿದ ನೀಲಿ ಗೆರೆ

ಸೇತುವೆಯ ಆಚೆಗೊಂದು ಊರು, ಈಚೆಗೊಂದು ಊರು. ಎರಡರಲ್ಲೂ ಪ್ರಾಥಮಿಕ ಶಾಲೆಗೆ ಸೇರಿದ ಮಕ್ಕಳು ನೂರಕ್ಕೆ ಎಷ್ಟು ಎಂದು ವರ್ಷಾವರ್ಷ ಹೋಲಿಸಿ ಗೆರೆ ಎಳೆಯುವುದೊಂದೇ ನಮ್ಮ ಗೆರೆ ಗುಮಾಸ್ತರ ಕೆಲಸ. ಆಚೆಯೂರಿಗೆ ಕೆಂಪು ಗೆರೆ, ಈಚೆಯೂರಿಗೆ ನೀಲಿ. ಇಪ್ಪತ್ತೊಂಬತ್ತು ವರ್ಷ ಇದನ್ನೇ ಮಾಡಿದವರಿಗೆ ತಲೆ ಕೆಡಬೇಕಿತ್ತು. ಇವರಿಗೆ ಜಂಬ ಬಂತು. ಮಗಳ ಮದುವೆ ಯಾವಾಗ ಆಯಿತೆಂದು ಕೇಳಿದರೆ "ನೀಲಿ ತೊಂಬತ್ತು ಮುಟ್ಟಿದ ವರ್ಷ" ಎನ್ನುತ್ತಿದ್ದರು. ಹೆಂಡತಿ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದರು.

ಎರಡೂ ಊರಿನವರು ಹಟಕ್ಕೆ ಬಿದ್ದಿದ್ದರು. ಕೆಂಪು ತೊಂಬತ್ತೈದಕ್ಕೆ ಹೋದರೆ ನೀಲಿ ತೊಂಬತ್ತಾರು. ನಾಲ್ಕು ವರ್ಷದ ಹಿಂದೆ ಎರಡೂ ಒಟ್ಟಿಗೇ ನೂರು ಮುಟ್ಟಿದವು. ಗುಮಾಸ್ತರಿಗೆ ಪ್ರಶಸ್ತಿಪತ್ರ ಬಂತು, ಕಚೇರಿ ಗೋಡೆಯ ಗೆರೆನಕ್ಷೆಗೆ ಗಾಜಿನ ಚೌಕಟ್ಟು ಬಂತು. ಅಂದಿನಿಂದ ಅವರು ಯಾವ ಮನೆಯ ಮಕ್ಕಳನ್ನೂ ಎಣಿಸಲಿಲ್ಲ. ವರ್ಷಕ್ಕೊಮ್ಮೆ ಎರಡೂ ಗೆರೆಗಳನ್ನು ಅಡ್ಡಡ್ಡ ಒಂದು ಬೆರಳು ಮುಂದಕ್ಕೆಳೆದು ರುಜು ಹಾಕುತ್ತಿದ್ದರು.

ಈ ವರ್ಷ ಮಗಳಿಗೆ ಈಚೆಯೂರಿಗೇ ವರ್ಗವಾಯಿತು. ಆರು ವರ್ಷದ ಮೊಮ್ಮಗಳ ಕೈ ಹಿಡಿದು ಗುಮಾಸ್ತರು ಶಾಲೆಗೆ ಹೋದರು. ಅವಳನ್ನು ನೋಡಿದ್ದೇ ಹೆಡ್ಮೇಷ್ಟ್ರು ಬೆವರಿದರು.

"ಸೇರಿಸ್ಕೊಳ್ಳೋಕಾಗಲ್ಲ ಸಾರ್. ನಮ್ಮಲ್ಲಿ ನೂರು ಆಗ್ಬಿಟ್ಟಿದೆ."

"ಬೆಂಚು ಖಾಲಿ ಇದೆಯಲ್ರೀ?"

"ಬೆಂಚು ಬೇಕಾದಷ್ಟಿದೆ. ಇವಳನ್ನ ಸೇರಿಸಿದ್ರೆ ಇಲ್ಲೀವರೆಗೂ ಒಂದು ಮಗು ಹೊರಗಿತ್ತು ಅಂತಾಗುತ್ತೆ. ನೂರು ಸುಳ್ಳಾಗುತ್ತೆ."

"ನಿನ್ನೆ ಬಂದಿರೋ ಮಗು ಕಣ್ರೀ ಇದು."

"ನಿಮ್ಮ ನಕ್ಷೆ ಪ್ರಕಾರ ಶಾಲೆಗೆ ಸೇರದ ಮಗು ಈ ಊರಲ್ಲಿಲ್ಲ. ಅಂದ್ಮೇಲೆ ಇವಳೂ ಇಲ್ಲ."

ಆಚೆಯೂರಿನಲ್ಲೂ ಅದೇ ರಾಗ. ತಿಂಗಳಾಯಿತು. ಇಲ್ಲದ ಹುಡುಗಿ ದಿನಾ ಬೆಳಿಗ್ಗೆ ಚೀಲ ಬೆನ್ನಿಗೇರಿಸಿಕೊಂಡು ತಾತನ ಕಚೇರಿಗೆ ಬರುತ್ತಿದ್ದಳು. ಮೇಲಧಿಕಾರಿ ಬಂದಾಗಲೆಲ್ಲ ಗುಮಾಸ್ತರು ಅವಳನ್ನು ಬೀರುವಿನ ಹಿಂದೆ ನಿಲ್ಲಿಸುತ್ತಿದ್ದರು. ಒಂದು ದಿನ ಅಲ್ಲಿಂದಲೇ ಪಿಸುಗುಟ್ಟಿದಳು: "ತಾತ, ನಾನು ಇದ್ದೀನಿ ಅಂತ ಯಾರಿಗೆ ಹೇಳ್ಬೇಕು?"

ಅಧಿಕಾರಿ ಅತ್ತ ಹೋದದ್ದೇ ತಡ, ಗುಮಾಸ್ತರು ನಕ್ಷೆಯ ಗಾಜು ತೆಗೆದರು. ನೀಲಿ ಗೆರೆಯ ತುದಿಯನ್ನು ಉಜ್ಜಿ, ಕೂದಲೆಳೆಯಷ್ಟು ಕೆಳಗೆ ಎಳೆದು, ತೊಂಬತ್ತೊಂಬತ್ತು ಚಿಲ್ಲರೆ ಎಂದು ಬರೆದು ರುಜು ಹಾಕಿದರು. ಹುಟ್ಟಿದ ಮೇಲೆ ಗೆರೆ ಇಳಿಸಿದ್ದು ಅದೇ ಮೊದಲು.

ಹೆಡ್ಮೇಷ್ಟ್ರು ತಿದ್ದಿದ ನಕ್ಷೆ ನೋಡಿ ನಿರಾಳವಾದರು. "ಈಗ ಜಾಗ ಆಯ್ತು ನೋಡಿ" ಎಂದು ಹುಡುಗಿಯನ್ನು ನಗುನಗುತ್ತಾ ಸೇರಿಸಿಕೊಂಡರು.

ಇಂಥ ಸುದ್ದಿಗೆ ಕಾಲು ಬರುವುದಕ್ಕೆ ಎಷ್ಟು ಹೊತ್ತು? ಮರುದಿನ ಗುಮಾಸ್ತರು ಕಚೇರಿಗೆ ಬಂದರೆ ಬಾಗಿಲಿನಿಂದ ಸೇತುವೆಯವರೆಗೂ ಜನ. ಎಲ್ಲರ ಪಕ್ಕದಲ್ಲೂ ಮಕ್ಕಳು. ಸಾಲಿನ ಮುಂದಿದ್ದವಳು ಬಟ್ಟೆಗೆ ಇಸ್ತ್ರಿ ಹಾಕುವವಳು. ದಿನಾ ಅವಳ ಅಂಗಡಿ ದಾಟಿಯೇ ಇವರು ಬರುತ್ತಿದ್ದದ್ದು.

"ಸ್ವಾಮಿ, ನಮಗೂ ಒಂಚೂರು ಇಳಿಸಿಕೊಡಿ" ಎಂದಳು.

"ಇಷ್ಟು ಮಕ್ಕಳು ಇಲ್ಲೀವರೆಗೂ ಎಲ್ಲಿದ್ರಮ್ಮ?"

"ಎಲ್ಲಿರ್ತಾರೆ, ಮನೇಲೇ. ಪ್ರತಿವರ್ಷ ಹೋಗಿ ಕೇಳ್ತಿದ್ವಿ. ನೂರು ಆಗಿದೆ, ಗುಮಾಸ್ತರು ರುಜು ಹಾಕಿದ್ದಾರೆ ಅಂತ ಕಳಿಸೋರು."

ಗುಮಾಸ್ತರಿಗೆ ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಉದ್ದನೆಯ ಹುಡುಗಿಯ ಕಡೆ ತಿರುಗಿ, "ಇವಳಿಗೆಷ್ಟು ವಯಸ್ಸು?" ಎಂದರು.

"ನಿಮ್ಮ ನೂರು ಆದಾಗ ಆರಿತ್ತು ಸ್ವಾಮಿ. ಈಗ ಹತ್ತು."