ಎರಡು ಹೆಸರಿನ ಅತ್ತಿಗೆ

ನಮ್ಮಲ್ಲಿ ಸೊಸೆ ಮನೆಗೆ ಕಾಲಿಟ್ಟ ದಿನವೇ ಅವಳ ಹೆಸರು ಬದಲಾಗುತ್ತದೆ. ತಟ್ಟೆಯಲ್ಲಿ ಅಕ್ಕಿ ಹರಡಿ, ಮದುಮಗನ ಕೈಗೆ ಉಂಗುರ ಕೊಟ್ಟು ಹೊಸ ಹೆಸರು ಬರೆಸುತ್ತಾರೆ. ಅಣ್ಣ ಸುಘೋಷನ ಮದುವೆಯಲ್ಲಿ ನಮ್ಮಮ್ಮ ಗೋದಾಬಾಯಿ ಆರಿಸಿದ ಹೆಸರು ತುಂಗಾ. ಅತ್ತಿಗೆಯ ಹುಟ್ಟುಹೆಸರು ಅಶ್ವಿತಾ. ಹುಟ್ಟಿದ್ದು ಸಿಂಗಪುರದಲ್ಲಿ, ಪಾಸ್‌ಪೋರ್ಟೂ ಅಲ್ಲಿಯದೇ. ಅವಳ ಅಪ್ಪ ರಘುರಾಮರಾಯರು ಅಲ್ಲಿನ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಲೇ ಮುದುಕರಾದವರು.

ಅಕ್ಕಿಯ ಮೇಲೆ ಬರೆದದ್ದು ಕೈಯಾಡಿಸಿದರೆ ಅಳಿಸಿಹೋಗುತ್ತದೆ. ಆದರೆ ಅಮ್ಮ ಬಿಡಬೇಕಲ್ಲ, ಮದುವೆಯ ನೋಂದಣಿಯಲ್ಲೂ ತುಂಗಾ ಎಂದೇ ಬರೆಸಿದಳು. ಹೊರದೇಶದ ಪಾಸ್‌ಪೋರ್ಟಿನ ಅತ್ತಿಗೆಗೆ ಮೊದಲ ಸಲ ಇಲ್ಲಿ ವಾಸದ ಪರವಾನಗಿ ಸಿಕ್ಕಾಗ ಈ ಎರಡು ಹೆಸರು ಯಾರ ಕಣ್ಣಿಗೂ ಬೀಳಲಿಲ್ಲ. ಈ ವರ್ಷ ನವೀಕರಣಕ್ಕೆ ಹಾಕಿದಾಗ, ಅಶ್ವಿತಾ ಮತ್ತು ತುಂಗಾ ಒಬ್ಬಳೇ ಎಂಬುದಕ್ಕೆ ಆಧಾರ ತನ್ನಿ ಎಂದರು ಕಚೇರಿಯವರು. ಅವರದು ತಪ್ಪೆನ್ನಲಾರೆ. ಅಣ್ಣನದು ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಜಾಯಮಾನ. ನಾಳೆ ನಾಳೆ ಎನ್ನುತ್ತಲೇ ಹಳೆಯ ಪರವಾನಗಿಯ ಅವಧಿ ಮುಗಿಯಿತು.

ಆಗಲೇ ಸಿಂಗಪುರದಿಂದ ಫೋನ್ ಬಂತು. ರಾಯರಿಗೆ ಲಕ್ವ ಹೊಡೆದಿತ್ತು, ಮಗಳನ್ನೇ ಕೇಳುತ್ತಿದ್ದರು.

ಎಗ್ಮೋರಿನ ಟ್ರಾವೆಲ್ ಏಜೆಂಟ್ ಮುಚ್ಚುಮರೆ ಮಾಡಲಿಲ್ಲ. ಹೊರಡಲು ಅನುಮತಿ ಸಿಗುತ್ತದೆ, ಆದರೆ ಅರ್ಜಿ ಬಾಕಿ ಇರುವಾಗ ದೇಶ ಬಿಟ್ಟರೆ ಅದು ಬಿದ್ದುಹೋದಂತೆಯೇ, ಮರಳಲು ಅಲ್ಲಿಂದ ಹೊಸ ವೀಸಾ ಬೇಕು, ಅಲ್ಲಿಯೂ ಈ ಎರಡು ಹೆಸರು ಅಡ್ಡ ಬರುತ್ತವೆ ಎಂದ. ಅತ್ತಿಗೆಯ ಮಗು ಪ್ರಣಮ್ಯಾಳಿಗೆ ಪಾಸ್‌ಪೋರ್ಟನ್ನೇ ಮಾಡಿಸಿರಲಿಲ್ಲ. ಇನ್ನೂ ತಾಯಿಯ ಸೆರಗು ಹಿಡಿದೇ ಮಲಗುವ ಮಗು ಅದು.

ಮಾಂಬಲಂನ ನಮ್ಮ ಮನೆಯಲ್ಲಿ ಅಂದು ಯಾರಿಗೂ ಅನ್ನ ಸೇರಲಿಲ್ಲ. ಪರವಾನಗಿ ಬರುವ ತನಕ ಕಾಯೋಣ ಎಂದ ಅಣ್ಣ. ಸಾವು ಕಾಯುತ್ತದೆಯೇ ಎಂದು ನಾನು ರೇಗಿದೆ. ಅತ್ತಿಗೆ ತಟ್ಟೆಯ ಮುಂದೆ ಕೂತೇ ಹೇಳಿದಳು: "ಹೋದ್ರೆ ಮಗು ಇಲ್ಲಿ, ಹೋಗ್ದಿದ್ರೆ ಅಪ್ಪ ಅಲ್ಲಿ. ಯಾರನ್ನ ಬಿಡ್ಲಿ, ನೀವೇ ಹೇಳಿ."

ಅತ್ತ ದರಿ, ಇತ್ತ ಪುಲಿ. ಕೊನೆಗೆ ಬಾಯಿ ಬಿಟ್ಟದ್ದು ಅಮ್ಮ.

"ನೀ ಹೋಗಿ ಬಾ. ಹೆಸರು ಇಟ್ಟೋಳು ನಾನು, ಕಚೇರಿ ಅಲೆಯೋಳೂ ನಾನೇ."

ಏರ್‌ಪೋರ್ಟಿನಲ್ಲಿ ಮಗು, ಯಾವಾಗ ಬರ್ತೀ ಎಂದು ಓಣಿಯ ಮಕ್ಕಳಿಂದ ಕಲಿತ ತಮಿಳಿನಲ್ಲಿ ಕೇಳಿತು. ಅತ್ತಿಗೆ ಹಿಂದೆ ನೋಡದೆ ಒಳಗೆ ಹೋದಳು, ನೋಡಿದ್ದರೆ ಹೋಗುತ್ತಿರಲಿಲ್ಲ.

ರಾಯರು ಮಗಳ ಕೈಯಿಂದ ಗಂಜಿ ಕುಡಿದರು, ಕೆಲವೇ ದಿನಕ್ಕೆ ತೀರಿಕೊಂಡರು. ವೀಸಾ ಮಾತ್ರ ಬರಲಿಲ್ಲ. ಮಂಡಿನೋವಿನ ಅಮ್ಮ ಅಣ್ಣನನ್ನು ಎಳೆದುಕೊಂಡು ನೋಟರಿ, ನೋಂದಣಿ ಕಚೇರಿ ಎಂದು ಅಲೆದಳು. ತುಂಗಾ ಎಂಬುದು ನಾನಿಟ್ಟ ಹೆಸರು, ಹುಡುಗಿ ಅಶ್ವಿತಾ ಎಂದು ಕೌಂಟರ್ ಕೌಂಟರಿನಲ್ಲೂ ಹೇಳಿದಳು. ಇತ್ತ ಮಗು ತನ್ನ ತಾಯಿ ಎಲ್ಲಿ ಎಂದು ಕೇಳುವುದನ್ನೇ ನಿಲ್ಲಿಸಿತು. ನನಗೆ ನಿಜವಾಗಿ ಭಯವಾದದ್ದು ಆಗ.

ಮಳೆಗಾಲ ಮುಗಿಯುವ ಹೊತ್ತಿಗೆ ವೀಸಾ ಬಂತು. ಅತ್ತಿಗೆ ಇಳಿಯುವ ದಿನ ನಾವೆಲ್ಲ ಏರ್‌ಪೋರ್ಟಿಗೆ ಹೋದೆವು. ಅವಳು ಹೊರಗೆ ಬರುವ ತನಕ ನಮಗೆ ನಂಬಿಕೆಯಿರಲಿಲ್ಲ. ಬಂದಳು, ಸೊರಗಿಹೋಗಿದ್ದಳು, ಗುಂಪಿನಲ್ಲಿ ನಮ್ಮನ್ನು ಹುಡುಕುತ್ತಿದ್ದಳು. ಅಮ್ಮ ಮಗುವನ್ನೆತ್ತಿಕೊಂಡು ಕಂಬಿಯ ತನಕ ನುಗ್ಗಿ, "ಅಶ್ವಿತಾ" ಎಂದು ಕೂಗಿದಳು.

ಅತ್ತಿಗೆ ತಿರುಗಲಿಲ್ಲ, ಗಾಡಿ ತಳ್ಳುತ್ತ ಮುಂದೆ ಹೋದಳು. ಆ ದನಿಯಲ್ಲಿ ಆ ಹೆಸರನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. ಅಮ್ಮ ಮತ್ತೊಮ್ಮೆ ಅದೇ ಹೆಸರು ಕರೆದಳು. ಅತ್ತಿಗೆ ನಿಂತಳು, ತಿರುಗಿ ಅಮ್ಮನ ಮುಖ ನೋಡಿದಳು, ಗಾಡಿಯನ್ನು ಅಲ್ಲೇ ಬಿಟ್ಟು ಓಡಿಬಂದಳು.